ಹೆಸರಿಗೆ ರಜೆ, ಕೆಲಸಕ್ಕಲ್ಲ: ಪೋರ್ಟಿಸ್‌ಹೆಡ್ ತಂಡದ ಪ್ರಕರಣ

1994, 1997, 2008. ಇಂಗ್ಲೆಂಡಿನ ಪೋರ್ಟಿಸ್‌ಹೆಡ್ ತಂಡದ ಸ್ಟುಡಿಯೋ ಆಲ್ಬಮ್‌ಗಳ ಪಟ್ಟಿ ಇಷ್ಟಕ್ಕೇ ಮುಗಿಯುತ್ತದೆ. ತಂಡ ಹುಟ್ಟಿದ್ದು 1991ರಲ್ಲಿ, ಸದಸ್ಯರು ಮೂವರು. ಒಡೆದುಹೋಯಿತು ಎಂದು ಯಾರೂ ಘೋಷಿಸಿಲ್ಲ. ಮೂರು ದಶಕ ದಾಟಿದ ಬಾಳಿನಲ್ಲಿ ಮೂರು ಆಲ್ಬಮ್, ಒಂದು ಲೈವ್ ಧ್ವನಿಮುದ್ರಣ, ಅಲ್ಲೊಂದು ಇಲ್ಲೊಂದು ಬಿಡಿ ಹಾಡು. ಮೂರೂ ಆಲ್ಬಮ್‌ಗಳು ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ 2ನೇ ಸ್ಥಾನದವರೆಗೆ ಏರಿದವು, ಒಂದೂ ಮೊದಲನೆಯದಾಗಲಿಲ್ಲ. ಆದರೂ ಅದೇ ಕಾಲದಲ್ಲಿ ನಾಲ್ಕು ಪಟ್ಟು ಹಾಡು ಬಿಟ್ಟ ಎಷ್ಟೋ ತಂಡಗಳು ಮರೆತುಹೋದ ಮೇಲೂ ಈ ಮೂವರ ಹಾಡುಗಳನ್ನು ಹೊಸಬರು ಹುಡುಕಿಕೊಂಡು ಬಂದು ಕೇಳುತ್ತಿದ್ದಾರೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ: ಅವರು ಪರಿಪೂರ್ಣತೆಯ ಹುಚ್ಚಿನವರು, ನಿಧಾನಸ್ಥರು, ಅದಕ್ಕೇ ಕಡಿಮೆ, ಕಡಿಮೆಯಾದ್ದರಿಂದಲೇ ಚೆನ್ನ. ನನಗೆ ಇದು ಅರ್ಧ ಸತ್ಯ ಅನಿಸುತ್ತದೆ. ವರ್ಷಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಮೊದಲ ಆಲ್ಬಮ್‌ಗೆ ಮೂರು ವರ್ಷ, ಎರಡನೆಯದಕ್ಕೆ ಮೂರು ವರ್ಷ. ಇದರಲ್ಲಿ ಅಂಥ ನಿಧಾನವೇನಿಲ್ಲ. ದೊಡ್ಡ ಕಂದಕ ಇರುವುದು ಒಂದೇ ಕಡೆ, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ. ಆ ಕಂದಕದಲ್ಲಿ ಈ ಮೂವರೂ ಕೈಕಟ್ಟಿ ಕೂತಿರಲಿಲ್ಲ. ತಂಡದ ಹೆಸರಿಗೆ ರಜೆ ಕೊಟ್ಟಿದ್ದರು, ಕೆಲಸಕ್ಕೆ ಕೊಟ್ಟಿರಲಿಲ್ಲ. ಈ ಪ್ರಕರಣದಲ್ಲಿ ನೋಡಬೇಕಾದ್ದು ಅದನ್ನೇ. ಅನ್ನದ ದಾರಿಯನ್ನೂ ತಂಡದ ಹೆಸರನ್ನೂ ಬೇರೆ ಬೇರೆ ಇಟ್ಟುಕೊಳ್ಳುವುದು ಅವರಿಗೆ ಹೇಗೆ ಸಾಧ್ಯವಾಯಿತು, ಅದಕ್ಕೆ ಯಾರ ಹಣ ಒದಗಿತು?

ಊರು

ಬ್ರಿಸ್ಟಲ್ ಅಂದರೆ ನಮ್ಮಲ್ಲಿ ಓದಿಕೊಂಡವರಿಗೆ ನೆನಪಾಗುವುದು ರಾಜಾ ರಾಮಮೋಹನ ರಾಯ್. 1833ರಲ್ಲಿ ಅವರು ತೀರಿಕೊಂಡದ್ದು ಅಲ್ಲಿ, ಅವರ ಸಮಾಧಿ ಇರುವುದು ಅಲ್ಲಿನ ಆರ್ನೋಸ್ ವೇಲ್ ಸ್ಮಶಾನದಲ್ಲಿ. ಅದೇ ಊರು ಗುಲಾಮರ ವ್ಯಾಪಾರದಿಂದ ದುಡ್ಡು ಮಾಡಿದ ಬಂದರು ಕೂಡ. 2020ರ ಜೂನ್‌ನಲ್ಲಿ ಜನ ಎಡ್ವರ್ಡ್ ಕೋಲ್ಸ್ಟನ್ ಎಂಬ ಗುಲಾಮ ವ್ಯಾಪಾರಿಯ ಪ್ರತಿಮೆಯನ್ನು ಉರುಳಿಸಿ ಅದೇ ಬಂದರಿನ ನೀರಿಗೆ ನೂಕಿದರು.

ಎರಡನೇ ಮಹಾಯುದ್ಧದ ನಂತರ ಜಮೈಕಾದಿಂದ ಬಂದು ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ನೆಲೆಸಿದ ಕುಟುಂಬಗಳು ತಮ್ಮ ಜೊತೆ ಸೌಂಡ್ ಸಿಸ್ಟಮ್ ಸಂಸ್ಕೃತಿಯನ್ನು ತಂದವು. ಆಳೆತ್ತರದ ಸ್ಪೀಕರ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಜಮೈಕಾದ ರೆಗ್ಗೆ ಮತ್ತು ಅದರಿಂದ ಹುಟ್ಟಿದ ಡಬ್ ಸಂಗೀತವನ್ನು ಎದೆ ನಡುಗುವಷ್ಟು ಬಾಸ್‌ನಲ್ಲಿ ಹಾಕುವ ಪಾರ್ಟಿಗಳು. 1980ರ ದಶಕದಲ್ಲಿ ಅಮೆರಿಕದಿಂದ ಹಿಪ್-ಹಾಪ್ ಬಂದಾಗ ಅಲ್ಲಿನ ಹುಡುಗರು ಎರಡನ್ನೂ ಬೆರೆಸಿದರು. ವೈಲ್ಡ್ ಬಂಚ್ ಎಂಬ ಡಿಜೆ ಗುಂಪಿನಿಂದ ಮ್ಯಾಸಿವ್ ಅಟ್ಯಾಕ್ ತಂಡ ಹುಟ್ಟಿತು, ಅದರ ಸುತ್ತಮುತ್ತಲಿನಿಂದಲೇ ಗಾಯಕ ಟ್ರಿಕಿ ಬಂದರು. ಹಿಪ್-ಹಾಪ್‌ನ ತಾಳವನ್ನು ಅರ್ಧ ವೇಗಕ್ಕೆ ಇಳಿಸಿ, ಕೆಳಗೆ ಡಬ್‌ನ ಭಾರದ ಬಾಸ್ ಇಟ್ಟು, ಮೇಲೆ ಹಳೆಯ ಸಿನಿಮಾಗಳ ವಯಲಿನ್ ಮತ್ತು ದುಃಖದ ದನಿಯೊಂದನ್ನು ತೇಲಿಬಿಟ್ಟರೆ ಬರುವ ಸಂಗೀತಕ್ಕೆ ಪತ್ರಿಕೆಗಳು ಟ್ರಿಪ್-ಹಾಪ್ ಎಂದು ಹೆಸರಿಟ್ಟವು. 1994ರಲ್ಲಿ ಮಿಕ್ಸ್‌ಮ್ಯಾಗ್ ಪತ್ರಿಕೆ ಆ ಪದವನ್ನು ಬಳಸಿದ್ದು ಕ್ಯಾಲಿಫೋರ್ನಿಯಾದ ಡಿಜೆ ಶ್ಯಾಡೋ ಬಗ್ಗೆ ಬರೆಯುವಾಗ, ಆದರೆ ಪದ ಬಂದು ಅಂಟಿದ್ದು ಬ್ರಿಸ್ಟಲ್‌ಗೆ. ಅಲ್ಲಿನ ಯಾರಿಗೂ ಅದು ಇಷ್ಟವಿರಲಿಲ್ಲ. ಪೋರ್ಟಿಸ್‌ಹೆಡ್‌ನವರಿಗೆ ಇಂದಿಗೂ ಇಲ್ಲ.

ಪೋರ್ಟಿಸ್‌ಹೆಡ್ ಬ್ರಿಸ್ಟಲ್‌ನಿಂದ ಪಶ್ಚಿಮಕ್ಕೆ ಸುಮಾರು 13 ಕಿ.ಮೀ. ದೂರದ ಕಡಲತೀರದ ಸಣ್ಣ ಪಟ್ಟಣ. ತಂಡದ ಸೂತ್ರಧಾರ ಜೆಫ್ ಬ್ಯಾರೋ ಬೆಳೆದದ್ದು ಅಲ್ಲಿ.

ವಾರಕ್ಕೆ 40 ಪೌಂಡ್

ಬ್ಯಾರೋ ಆಗ ಬ್ರಿಸ್ಟಲ್‌ನ ಕೋಚ್ ಹೌಸ್ ಸ್ಟುಡಿಯೋದಲ್ಲಿ ಟೇಪ್ ಆಪರೇಟರ್. ಟೇಪ್ ಹಾಕುವುದು, ತೆಗೆಯುವುದು, ಚಹಾ ಮಾಡಿಕೊಡುವುದು, ಹೇಳಿದ ಕೇಬಲ್ ಸಿಕ್ಕಿಸುವುದು, ಹೀಗೆ ಸ್ಟುಡಿಯೋದ ಅತಿ ಕೆಳಗಿನ ಮೆಟ್ಟಿಲು. ಮ್ಯಾಸಿವ್ ಅಟ್ಯಾಕ್‌ನ ಮೊದಲ ಆಲ್ಬಮ್ ‘ಬ್ಲೂ ಲೈನ್ಸ್’ ಅಲ್ಲಿ ತಯಾರಾಗುವಾಗ ಅವರು ಮೂಲೆಯಲ್ಲಿದ್ದರು. ಕೆಲಸ ಮುಗಿದ ಮೇಲೆ ಖಾಲಿ ಸ್ಟುಡಿಯೋದಲ್ಲಿ ತಮ್ಮ ಪ್ರಯೋಗಗಳನ್ನು ಮಾಡಿಕೊಳ್ಳಲು ಬಿಡುತ್ತಿದ್ದರಂತೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಗುರುಕುಲ ಬೇಕಿಲ್ಲ.

1991ರ ಫೆಬ್ರುವರಿಯಲ್ಲಿ, 19ನೇ ವಯಸ್ಸಿನಲ್ಲಿ, ಬ್ಯಾರೋ ಒಂದು ಸರ್ಕಾರಿ ತರಬೇತಿಗೆ ಹೋದರು. ಅಲ್ಲಿ 26ರ ಬೆತ್ ಗಿಬ್ಬನ್ಸ್ ಸಿಕ್ಕರು. ಡೆವನ್ ಜಿಲ್ಲೆಯ ಕೃಷಿ ಕುಟುಂಬದ ಗಿಬ್ಬನ್ಸ್ ಹಾಡುಗಾರ್ತಿಯಾಗಬೇಕೆಂದು ಬಂದು ಪಬ್‌ಗಳಲ್ಲಿ ಹಾಡಿಕೊಂಡಿದ್ದರು. ಆ ತರಬೇತಿ ಎಂಟರ್‌ಪ್ರೈಸ್ ಅಲೋಯನ್ಸ್ ಯೋಜನೆಯದು. ಥ್ಯಾಚರ್ ಸರ್ಕಾರ ನಿರುದ್ಯೋಗದ ಅಂಕಿಯನ್ನು ಇಳಿಸಲು ತಂದ ಈ ಯೋಜನೆಯಲ್ಲಿ, ಸ್ವಂತ ಉದ್ಯೋಗ ಶುರುಮಾಡುತ್ತೇನೆ ಎಂದವರಿಗೆ ವಾರಕ್ಕೆ 40 ಪೌಂಡ್ ಕೊಡುತ್ತಿದ್ದರು. ಕೈಯಲ್ಲಿ 1,000 ಪೌಂಡ್ ಬಂಡವಾಳ ಇದೆ ಎಂದು ತೋರಿಸಬೇಕಿತ್ತು, ಸಾಲ ತಂದು ತೋರಿಸಿದರೂ ನಡೆಯುತ್ತಿತ್ತು. ಕಲ್ಯಾಣ ರಾಜ್ಯವನ್ನು ಕಿತ್ತುಹಾಕಲು ಹೊರಟ ಸರ್ಕಾರವೇ ಕೊಟ್ಟ ಈ ಪುಡಿಗಾಸಿನಿಂದ ಬ್ರಿಟನ್ನಿನ ಒಂದು ತಲೆಮಾರಿನ ಕಲಾವಿದರು ಬಾಡಿಗೆ ಕಟ್ಟಿದರು. ಕಲಾವಿದೆ ಟ್ರೇಸಿ ಎಮಿನ್ ಈ ಯೋಜನೆಯ ಫಲಾನುಭವಿ, ಕ್ರಿಯೇಷನ್ ರೆಕಾರ್ಡ್ಸ್ ಎಂಬ ರೆಕಾರ್ಡ್ ಕಂಪನಿ ಕಟ್ಟಿದ ಆಲನ್ ಮೆಕ್‌ಗೀ ಕೂಡ. ಈ ಎರಡನೆಯ ಹೆಸರು ಮುಂದೆ ಬೇಕಾಗುತ್ತದೆ.

ಬ್ಯಾರೋಗೆ ಅಷ್ಟರಲ್ಲಿ ಗಾಯಕಿ ನೆನೆ ಚೆರಿಯ ಎರಡನೆಯ ಆಲ್ಬಮ್‌ಗೆ ಕೆಲಸ ಸಿಕ್ಕಿತ್ತು. ಕೊಡಿಸಿದವರು ಆಕೆಯ ಪತಿ, ನಿರ್ಮಾಪಕ ಕ್ಯಾಮರನ್ ಮೆಕ್‌ವೇ. ಬ್ಯಾರೋ ಮತ್ತು ಗಿಬ್ಬನ್ಸ್ ಜೋಡಿಯ ಮೊದಮೊದಲ ಹಾಡಿನ ಪ್ರಯತ್ನಗಳು ರೆಕಾರ್ಡ್ ಆದದ್ದು ಲಂಡನ್ನಿನ ನೆನೆ ಚೆರಿ ಮನೆಯ ಅಡುಗೆಮನೆಯಲ್ಲಿ. ಆ ಹಾಡುಗಳಲ್ಲೊಂದಾದ ‘ಇಟ್ ಕುಡ್ ಬಿ ಸ್ವೀಟ್’ ಅನ್ನು ಕೋಚ್ ಹೌಸ್‌ನಲ್ಲಿ ಕೇಳಿದ ಜಾಝ್ ಗಿಟಾರ್ ವಾದಕ ಏಡ್ರಿಯನ್ ಅಟ್ಲಿ ತಾವೇ ಬಂದು ಸೇರಿಕೊಂಡರು. ಅಟ್ಲಿ ಬ್ಯಾರೋಗಿಂತ 14 ವರ್ಷ ದೊಡ್ಡವರು. ಒಬ್ಬನಿಗೆ ಸಂಗೀತದ ತುಣುಕುಗಳನ್ನು ಹಿಡಿದಿಟ್ಟು ನುಡಿಸುವ ಸ್ಯಾಂಪ್ಲರ್ ಯಂತ್ರ ಗೊತ್ತು, ರಾಗಜ್ಞಾನ ಕಡಿಮೆ. ಇನ್ನೊಬ್ಬರಿಗೆ ಜಾಝ್‌ನ ಸ್ವರಜೋಡಣೆಗಳೆಲ್ಲ ಬೆರಳ ತುದಿಯಲ್ಲಿ, ಹಿಪ್-ಹಾಪ್ ಹೊಸದು. ಸೌಂಡ್ ಎಂಜಿನಿಯರ್ ಡೇವ್ ಮೆಕ್‌ಡೊನಾಲ್ಡ್ ಅವರನ್ನು ನಾಲ್ಕನೆಯ ಸದಸ್ಯ ಎಂದೇ ಲೆಕ್ಕ ಹಾಕುವವರಿದ್ದಾರೆ.

ತುಳಿದ ತಟ್ಟೆ

‘ಡಮ್ಮಿ’ ಬಿಡುಗಡೆಯಾದದ್ದು 1994ರ ಆಗಸ್ಟ್‌ನಲ್ಲಿ, ಗೋ ಬೀಟ್ ಕಂಪನಿಯಿಂದ. ಅದಕ್ಕೂ ಮುಂಚೆ ತಂಡ ಒಂದು ಕಿರುಚಿತ್ರ ಮಾಡಿತ್ತು, ‘ಟು ಕಿಲ್ ಎ ಡೆಡ್ ಮ್ಯಾನ್’ ಎಂಬ ಕಪ್ಪುಬಿಳುಪಿನ ಪತ್ತೇದಾರಿ ಕತೆ. ನಟಿಸಿದವರೂ ತಾವೇ, ಹಿನ್ನೆಲೆ ಸಂಗೀತವೂ ತಮ್ಮದೇ. ಆಲ್ಬಮ್‌ನ ಮುಖಪುಟದಲ್ಲಿ ಕಾಣುವ ಗಿಬ್ಬನ್ಸ್ ಚಿತ್ರ ಆ ಸಿನಿಮಾದ ಒಂದು ಫ್ರೇಮು.

ಈ ಆಲ್ಬಮ್ ಹೇಗೆ ತಯಾರಾಯಿತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಹಿಪ್-ಹಾಪ್‌ನಲ್ಲಿ ರೂಢಿಯ ಕ್ರಮ ಹೀಗೆ: ಹಳೆಯ ರೆಕಾರ್ಡಿನಿಂದ ಎರಡು ಮೂರು ಸೆಕೆಂಡಿನ ತುಣುಕು ಕತ್ತರಿಸಿ, ಸ್ಯಾಂಪ್ಲರ್ ಯಂತ್ರದಲ್ಲಿ ಹಾಕಿ, ಅದನ್ನೇ ಸುತ್ತಿ ಸುತ್ತಿ ನುಡಿಸುವುದು. ಪೋರ್ಟಿಸ್‌ಹೆಡ್ ಇದನ್ನೂ ಮಾಡಿತು. ‘ಸವರ್ ಟೈಮ್ಸ್’ ಹಾಡಿನ ಆರಂಭದಲ್ಲಿ ಕೇಳುವ ತಂತಿಯ ಝಣಝಣ ಸಿನಿಮಾ ಸಂಗೀತ ನಿರ್ದೇಶಕ ಲಾಲೋ ಶಿಫ್ರಿನ್ 1960ರ ದಶಕದಲ್ಲಿ ಮಾಡಿದ ರೆಕಾರ್ಡಿನದು. ನಮ್ಮ ಸಂತೂರ್‌ನ ಬಳಗಕ್ಕೆ ಸೇರಿದ, ಕೋಲಿನಿಂದ ಬಡಿದು ನುಡಿಸುವ ಪೂರ್ವ ಯೂರೋಪಿನ ಸಿಂಬಲಾಮ್ ವಾದ್ಯದ ನಾದ ಅದು. ಆದರೆ ಅವರು ಇನ್ನೊಂದು ಸುತ್ತಿನ ದಾರಿಯನ್ನೂ ಹಿಡಿದರು. ತಾವೇ ಡ್ರಮ್, ಗಿಟಾರ್, ಆರ್ಗನ್ ನುಡಿಸಿ ರೆಕಾರ್ಡ್ ಮಾಡುವುದು. ಅದನ್ನು ವಿನೈಲ್ ತಟ್ಟೆಗೆ ಒತ್ತಿಸುವುದು. ಆ ಹೊಚ್ಚ ಹೊಸ ತಟ್ಟೆಯನ್ನು ಸ್ಟುಡಿಯೋ ನೆಲದ ಮೇಲೆ ಹಾಕಿ ತುಳಿಯುವುದು, ಉಜ್ಜುವುದು, ಗೀರು ಬೀಳಿಸುವುದು. ಆಮೇಲೆ ಅದನ್ನು ಯಾರೋ ಮರೆತುಬಿಟ್ಟ ಮೂವತ್ತು ವರ್ಷದ ಹಿಂದಿನ ರೆಕಾರ್ಡು ಎಂಬಂತೆ ಟರ್ನ್‌ಟೇಬಲ್ ಮೇಲಿಟ್ಟು, ಅದರಿಂದ ತುಣುಕು ಕತ್ತರಿಸುವುದು. ಕೆಟ್ಟುಹೋದ ಆಂಪ್ಲಿಫೈಯರ್ ಮೂಲಕ ಧ್ವನಿ ಹಾಯಿಸುವುದೂ ಇತ್ತು. ತಮ್ಮದೇ ಸಂಗೀತಕ್ಕೆ ಸುಳ್ಳು ವಯಸ್ಸು ಹಚ್ಚುವ ಕೆಲಸ. ಕೇಳುವವನಿಗೆ ಯಾವುದು ನಿಜವಾಗಿ ಹಳೆಯದು, ಯಾವುದು ಕಳೆದ ವಾರದ್ದು ಎಂದು ತಿಳಿಯುವುದಿಲ್ಲ. ಇದರ ಮೇಲೆ ಗಿಬ್ಬನ್ಸ್ ದನಿ ಒಂದೇ ನಿಸ್ಸಂಶಯವಾಗಿ ಇವತ್ತಿನದು, ಮೈಕಿಗೆ ತೀರ ಹತ್ತಿರ, ಉಸಿರು ಸಹಿತ.

‘ಗ್ಲೋರಿ ಬಾಕ್ಸ್’ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ. ಕೆಳಗಿಳಿಯುತ್ತ ಬರುವ ಆ ಬಾಸ್ ಮತ್ತು ವಯಲಿನ್ ಅಮೆರಿಕದ ಗಾಯಕ ಐಸಾಕ್ ಹೇಯ್ಸ್‌ರ 1971ರ ಧ್ವನಿಮುದ್ರಣದ್ದು. ರೆಕಾರ್ಡಿನ ಚಿಟಚಿಟ ಶಬ್ದವನ್ನು ತೆಗೆಯದೆ ಉಳಿಸಿದ್ದಾರೆ, ತಾಳದ ಭಾಗವಾಗಿಯೇ. ಹಾಡು ಮುಕ್ಕಾಲು ಮುಗಿದಾಗ ಹಿತವಾಗಿ ತೂಗುತ್ತಿದ್ದ ತಾಳ ಕುಸಿದು, ಒರಟಾದ ಡ್ರಮ್ಮು ಬಂದು ಗಿಬ್ಬನ್ಸ್ ದನಿಯನ್ನು ಅಕ್ಷರಶಃ ಜಜ್ಜುತ್ತದೆ, ಮತ್ತೆ ಏನೂ ಆಗಿಲ್ಲವೆಂಬಂತೆ ಮೊದಲಿನ ತೂಗಾಟಕ್ಕೆ ಮರಳುತ್ತದೆ. ಹಾಡನ್ನು ಹಿನ್ನೆಲೆಗೆ ಹಾಕಿಕೊಂಡು ಮಾತಾಡುತ್ತಿದ್ದವರಿಗೆ ಈ ಜಾಗ ಕೇಳಿಸುವುದೇ ಇಲ್ಲ. ತಂಡದ ಮುಂದಿನ ಸಂಕಟ ಇದೇ ಆಯಿತು.

ಐಸಾಕ್ ಹೇಯ್ಸ್‌ರ ಅದೇ ತುಣುಕನ್ನು ಟ್ರಿಕಿ ಕೂಡ ತಮ್ಮ ಮೊದಲ ಆಲ್ಬಮ್ ‘ಮ್ಯಾಕ್ಸಿನ್‌ಕ್ವೇ’ಯ ಹಾಡೊಂದಕ್ಕೆ ಬಳಸಿದ್ದರು. ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯ 1995ರ ಅಂತಿಮ ಪಟ್ಟಿಯಲ್ಲಿ ಎರಡೂ ಆಲ್ಬಮ್ ಇದ್ದವು. ಒಂದೇ ಊರಿನ ಇಬ್ಬರು, ಒಂದೇ ತುಣುಕು, ಒಂದೇ ಪ್ರಶಸ್ತಿ. ಗೆದ್ದದ್ದು ‘ಡಮ್ಮಿ’. ಸೋತವರಲ್ಲಿ ಒಯಾಸಿಸ್ ತಂಡದ ಮೊದಲ ಆಲ್ಬಮ್ ಸಹ ಇತ್ತು, ಅದನ್ನು ಹೊರತಂದದ್ದು ಮೆಕ್‌ಗೀಯ ಕ್ರಿಯೇಷನ್ ರೆಕಾರ್ಡ್ಸ್. ವಾರಕ್ಕೆ 40 ಪೌಂಡ್ ಯೋಜನೆಯ ನೆರಳಿನಲ್ಲಿ ಬೆಳೆದವರು ಆ ರಾತ್ರಿ ಎರಡೂ ಕಡೆ ಇದ್ದರು. ಯೋಜನೆ ರೂಪಿಸಿದ ಅಧಿಕಾರಿಗಳ ಮನಸ್ಸಿನಲ್ಲಿ ಇಂಥ ಸಣ್ಣ ಉದ್ದಿಮೆ ಇದ್ದಿರಲಾರದು.

ಗೆಲುವಿನ ಕಿರಿಕಿರಿ

ಪ್ರಶಸ್ತಿ ಬಂತು, ಮಾರಾಟ ಏರಿತು. ‘ಸವರ್ ಟೈಮ್ಸ್’ ಮೊದಲ ಬಿಡುಗಡೆಯಲ್ಲಿ ಬ್ರಿಟನ್ನಿನ 57ನೇ ಸ್ಥಾನದಲ್ಲಿ ಸತ್ತುಹೋಗಿತ್ತು. ‘ಗ್ಲೋರಿ ಬಾಕ್ಸ್’ 13ಕ್ಕೆ ಏರಿದ ಮೇಲೆ ಮತ್ತೆ ಬಿಟ್ಟಾಗ ಅದೂ 13ಕ್ಕೆ ಹೋಯಿತು. ಗಿಬ್ಬನ್ಸ್ ಸಂದರ್ಶನ ಕೊಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟರು, ಪತ್ರಕರ್ತರ ಪಾಲು ಬ್ಯಾರೋ ತಲೆಗೆ ಬಂತು. ಏಕಾಂತ, ಅಪರಾಧಪ್ರಜ್ಞೆ, ಬಿಟ್ಟುಹೋದ ಪ್ರೀತಿ ಇವುಗಳನ್ನು ಹಾಡಿದ ಆಲ್ಬಮ್ಮು ಮಧ್ಯಮ ವರ್ಗದವರು ಮನೆಗೆ ಸ್ನೇಹಿತರನ್ನು ಊಟಕ್ಕೆ ಕರೆದಾಗ ಮೆಲ್ಲಗೆ ಹಾಕುವ ಸಂಗೀತವಾಯಿತು. ಕಾಫಿ ಅಂಗಡಿಗಳು ಹಾಕಿದವು. ನಿಧಾನದ ತಾಳ, ರೆಕಾರ್ಡಿನ ಚಿಟಚಿಟ, ಉಸಿರುದನಿಯ ಹುಡುಗಿ ಎಂಬ ಸೂತ್ರದ ತಂಡಗಳು ಸಾಲುಗಟ್ಟಿದವು. ಬ್ಯಾರೋ ಇದರ ಬಗ್ಗೆ ತಮ್ಮ ಅಸಹನೆಯನ್ನು ಎಂದೂ ಮುಚ್ಚಿಡಲಿಲ್ಲ.

ಇದಕ್ಕೆ ತಂಡ ಕೊಟ್ಟ ಉತ್ತರ 1997ರ ಎರಡನೆಯ ಆಲ್ಬಮ್. ಹೆಸರು ‘ಪೋರ್ಟಿಸ್‌ಹೆಡ್’ ಎಂದಷ್ಟೇ. ಬೇರೆಯವರ ತುಣುಕುಗಳನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು, ಬೇಕಾದ ‘ಹಳೆಯ’ ಸಂಗೀತವನ್ನೆಲ್ಲ ತಾವೇ ಬರೆದು, ನುಡಿಸಿ, ತಟ್ಟೆಗೆ ಒತ್ತಿಸಿ, ಮತ್ತೆ ಕತ್ತರಿಸಿದರು. ಇದರಲ್ಲಿ ಲೆಕ್ಕಾಚಾರವೂ ಇದ್ದಿರಬಹುದು; ‘ಗ್ಲೋರಿ ಬಾಕ್ಸ್’ ರಚನೆಯ ಪಾಲಿನಲ್ಲಿ ಐಸಾಕ್ ಹೇಯ್ಸ್ ಹೆಸರಿದೆ, ‘ಸವರ್ ಟೈಮ್ಸ್’ನಲ್ಲಿ ಶಿಫ್ರಿನ್ ಹೆಸರಿದೆ, ಪ್ರತಿ ತುಣುಕೂ ಗಳಿಕೆಯಲ್ಲಿ ಪಾಲು ಕೇಳುತ್ತದೆ. ಆದರೆ ಮುಖ್ಯ ಕಾರಣ ಹಠ. ‘ಕೌಬಾಯ್ಸ್’ ಹಾಡಿನಲ್ಲಿ ಗಿಬ್ಬನ್ಸ್ ದನಿ ಉಗುರಿನಿಂದ ಗೀರಿದಂತಿದೆ. ‘ಆಲ್ ಮೈನ್’ನ ತುತ್ತೂರಿಗಳು ಹೆದರಿಸುತ್ತವೆ, ಆದರೂ ಅದು ಬ್ರಿಟನ್ನಿನ 8ನೇ ಸ್ಥಾನಕ್ಕೆ ಹೋಯಿತು. ನನ್ನ ಅಭಿಪ್ರಾಯ ಹೇಳುವುದಾದರೆ ಇದು ಮೂರರಲ್ಲಿ ಅತಿ ಬಿಗಿಯಾದ ಆಲ್ಬಮ್, ಮತ್ತು ಅದೇ ಅದರ ತೊಂದರೆ. ‘ಡಮ್ಮಿ’ಯಿಂದ ಓಡಲು ಹೊರಟವರು ‘ಡಮ್ಮಿ’ಯ ಉಪಕರಣಗಳನ್ನೇ ಹೊತ್ತು ಓಡಿದ್ದಾರೆ. ಬಾಗಿಲು ಕಿಟಕಿ ಎಲ್ಲ ಮುಚ್ಚಿದ ಕೋಣೆ. ಸ್ಟುಡಿಯೋದಲ್ಲಿ ಬ್ಯಾರೋ ತಿಂಗಳುಗಟ್ಟಲೆ ಏನೂ ಹೊಳೆಯದೆ ಒದ್ದಾಡಿದ್ದು ಕೇಳುವವರಿಗೂ ತಾಕುತ್ತದೆ.

ಆ ಕೋಣೆಯ ಕಿಟಕಿ ತೆರೆದದ್ದು 1997ರ ಜುಲೈ 24ರಂದು, ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಬಾಲ್‌ರೂಮ್‌ನಲ್ಲಿ. ಮೂವತ್ತಕ್ಕೂ ಹೆಚ್ಚು ವಾದಕರ ವಾದ್ಯವೃಂದ, ತಂಡ, ಡಿಜೆ, ಎಲ್ಲರೂ ಸಭಾಂಗಣದ ನಡುವೆ, ಕೇಳುಗರು ಸುತ್ತ. ಸ್ಟುಡಿಯೋದಲ್ಲಿ ಕತ್ತರಿಸಿ ಅಂಟಿಸಿದ ಸಂಗೀತವನ್ನು ಮನುಷ್ಯರು ಕೂತು ನುಡಿಸಿದರೆ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ವಿಡಿಯೋದಲ್ಲಿ ಗಿಬ್ಬನ್ಸ್‌ರನ್ನು ನೋಡಬೇಕು: ಎರಡೂ ಕೈಯಲ್ಲಿ ಮೈಕ್ ಅಪ್ಪಿಕೊಂಡು, ಭುಜ ಬಗ್ಗಿಸಿ, ಬೆರಳ ಸಂದಿಯಲ್ಲಿ ಸಿಗರೇಟು, ಹಾಡು ಮುಗಿದ ಕೂಡಲೇ ಅಲ್ಲಿಂದ ತಪ್ಪಿಸಿಕೊಂಡರೆ ಸಾಕು ಎಂಬ ಮುಖ. ವೇದಿಕೆಯನ್ನು ಆಳುವ ಗಾಯಕಿಯ ಯಾವ ಲಕ್ಷಣವೂ ಇಲ್ಲ. ‘ರೋಡ್ಸ್’ ಹಾಡಿನಲ್ಲಿ ನಡುಗುವ ಎಲೆಕ್ಟ್ರಿಕ್ ಪಿಯಾನೋ ಮೇಲೆ ವಯಲಿನ್‌ಗಳು ಏರುವಾಗ ಸಭೆ ಉಸಿರು ಬಿಗಿಹಿಡಿದಿರುತ್ತದೆ. (1998ರಲ್ಲಿ ಬಂದ ಲೈವ್ ಸಿಡಿಯಲ್ಲಿರುವ ‘ರೋಡ್ಸ್’ ಆ ರಾತ್ರಿಯದಲ್ಲ, ಮರುವರ್ಷ ನಾರ್ವೆಯ ಉತ್ಸವವೊಂದರಲ್ಲಿ ಹಾಡಿದ್ದು. ನ್ಯೂಯಾರ್ಕಿನ ‘ರೋಡ್ಸ್’ ಬೇಕೆಂದರೆ ವಿಡಿಯೋ ನೋಡಬೇಕು.)

ಹತ್ತು ವರ್ಷದ ಕಂದಕ

1998ರ ಪ್ರವಾಸ ಮುಗಿದಾಗ ಮೂವರೂ ಸುಸ್ತಾಗಿದ್ದರು. ಮುಂದಿನ ಹತ್ತು ವರ್ಷವನ್ನು ‘ಕಣ್ಮರೆ’ ಎಂದು ಬರೆಯುವುದು ಪದ್ಧತಿ. ಅಸಲಿಗೆ ಕಣ್ಮರೆಯಾದದ್ದು ಹೆಸರು.

ಬ್ಯಾರೋ ಕೆಲಕಾಲ ಆಸ್ಟ್ರೇಲಿಯಾದಲ್ಲಿದ್ದು, ಇನ್ವಾಡಾ ಎಂಬ ರೆಕಾರ್ಡ್ ಸಂಸ್ಥೆ ಕಟ್ಟಿದರು. ಅದರಿಂದ ಬಂದದ್ದು ಹೆಚ್ಚಾಗಿ ಬೇರೆಯವರ ಸಂಗೀತ, ಮುಂದೆ ಸಿನಿಮಾ ಸಂಗೀತದ ವಿನೈಲ್‌ಗೆ ಅದು ಹೆಸರಾಯಿತು. ಗಿಬ್ಬನ್ಸ್ 2002ರಲ್ಲಿ ಟಾಕ್ ಟಾಕ್ ತಂಡದ ಪಾಲ್ ವೆಬ್ ಜೊತೆ ‘ಔಟ್ ಆಫ್ ಸೀಸನ್’ ಆಲ್ಬಮ್ ಮಾಡಿದರು. ಸ್ಯಾಂಪ್ಲರ್ ಇಲ್ಲ, ಗೀರಿದ ತಟ್ಟೆಯಿಲ್ಲ, ಗಿಟಾರ್ ಮತ್ತು ಮರದ ಕೋಣೆಯ ಗುಂಗು. ಟ್ರಿಪ್-ಹಾಪ್ ಗಾಯಕಿ ಎಂದು ತಿಳಿದವರಿಗೆ ಆಕೆ ಮೂಲತಃ ಜನಪದ ಗಾಯಕಿಯರ ವಂಶದವಳು ಎಂದು ಗೊತ್ತಾದದ್ದು ಆಗ. ಬ್ಯಾರೋ ಮತ್ತು ಅಟ್ಲಿ ಜೋಡಿ ‘ದ ಕೋರಲ್’ ತಂಡದ 2005ರ ಆಲ್ಬಮ್‌ಗೆ ನಿರ್ಮಾಪಕರಾಗಿ ದುಡಿದರು. ಅಟ್ಲಿ ಇನ್ನೂ ಎಷ್ಟೋ ಜನರ ರೆಕಾರ್ಡುಗಳಿಗೆ ಗಿಟಾರ್ ನುಡಿಸಿದರು.

ಈ ಕೆಲಸಗಳಿಗೆಲ್ಲ ‘ಪೋರ್ಟಿಸ್‌ಹೆಡ್’ ಎಂಬ ಮುದ್ರೆ ಒತ್ತಿದ್ದರೆ ಮಾರಾಟ ಹತ್ತು ಪಟ್ಟಾಗುತ್ತಿತ್ತು. ಒತ್ತಲಿಲ್ಲ. ಮೂವರೂ ಒಪ್ಪಿದ ಸಂಗೀತಕ್ಕೆ ಮಾತ್ರ ಆ ಹೆಸರು ಎಂಬುದು ಅಲಿಖಿತ ಕರಾರು ಆಗಿತ್ತೆಂದು ತೋರುತ್ತದೆ. ಇಲ್ಲೊಂದು ಎಚ್ಚರಿಕೆಯ ಮಾತೂ ಬೇಕು. ಇಂಥ ಕರಾರಿಗೆ ಅಂಟಿಕೊಳ್ಳಲು ಅವರಿಗೆ ಆಗಿದ್ದು, ಸಿಡಿಗೆ ಜನ ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಕಾಲದಲ್ಲಿ ‘ಡಮ್ಮಿ’ ಲಕ್ಷಗಟ್ಟಲೆ ಹೋಗಿದ್ದರಿಂದ. ತತ್ವ ದೊಡ್ಡದು ನಿಜ, ಅದರ ಕೆಳಗೆ ಒಂದು ಮೆತ್ತೆ ಇತ್ತು ಎನ್ನುವುದೂ ನಿಜ.

2005ರ ಫೆಬ್ರುವರಿಯಲ್ಲಿ ಬ್ರಿಸ್ಟಲ್‌ನಲ್ಲಿ ಅವರು ಏಳು ವರ್ಷಗಳ ನಂತರ ಒಟ್ಟಿಗೆ ವೇದಿಕೆ ಹತ್ತಿದರು. ನೆಪ ಹಿಂದಿನ ಡಿಸೆಂಬರಿನಲ್ಲಿ ನಮ್ಮ ಪೂರ್ವ ಕರಾವಳಿಯನ್ನೂ ಸೇರಿಸಿ ಹಿಂದೂ ಮಹಾಸಾಗರದ ಸುತ್ತ ಬಡಿದ ಸುನಾಮಿಯ ಸಂತ್ರಸ್ತರಿಗೆ ನಿಧಿ ಸಂಗ್ರಹ.

ತಮ್ಮ ಚಾಳಿಗೆ ತಾವೇ ಹಾಕಿಕೊಂಡ ನಿಷೇಧ

‘ಥರ್ಡ್’ ಬಂದದ್ದು 2008ರ ಏಪ್ರಿಲ್ ಕೊನೆಗೆ. ಹಿಂದಿನ ಡಿಸೆಂಬರಿನಲ್ಲಿ ಮೈನ್‌ಹೆಡ್ ಎಂಬ ಕಡಲೂರಿನ ರಜಾಶಿಬಿರದಲ್ಲಿ, ತಾವೇ ಕಲಾವಿದರನ್ನು ಆರಿಸಿದ ಉತ್ಸವದಲ್ಲಿ ಹೊಸ ಹಾಡುಗಳನ್ನು ಮೊದಲು ಕೇಳಿಸಿದ್ದರು. ಯಾರ ಕಲ್ಪನೆಗೂ ಸಿಗದ ಸಂಗೀತ ಅದು. ತಟ್ಟೆ ಗೀರುವ ಸ್ಕ್ರ್ಯಾಚಿಂಗ್ ಇಲ್ಲ, ಸಿನಿಮಾ ವಯಲಿನ್ ಇಲ್ಲ, ತೂಗುವ ಹಿಪ್-ಹಾಪ್ ತಾಳ ಇಲ್ಲ. ಜನ ಯಾವುದರಿಂದ ಇವರನ್ನು ಗುರುತಿಸುತ್ತಿದ್ದರೋ ಅವೆಲ್ಲವನ್ನೂ ಮನೆಯಿಂದ ಹೊರಗಿಟ್ಟಿದ್ದರು. ಉಳಿದದ್ದು ಗಿಬ್ಬನ್ಸ್ ದನಿ. ಅಷ್ಟರಿಂದಲೇ ಇದು ಪೋರ್ಟಿಸ್‌ಹೆಡ್ ಎಂದು ಎರಡನೇ ನಿಮಿಷಕ್ಕೆ ಗೊತ್ತಾಗುತ್ತದೆ, ಆಕೆ ಬಾಯಿ ತೆರೆಯುವುದೇ ಆಗ.

ಮೊದಲ ಹಾಡು ‘ಸೈಲೆನ್ಸ್’ ಪೋರ್ಚುಗೀಸ್ ಭಾಷೆಯ ಮಾತಿನಿಂದ ಶುರುವಾಗಿ, ನಾಗಾಲೋಟದ ಡ್ರಮ್ಮಿನೊಡನೆ ಓಡಿ, ಮಧ್ಯದಲ್ಲೇ ಕತ್ತರಿಸಿದಂತೆ ನಿಂತುಹೋಗುತ್ತದೆ. ಮೊದಲ ಸಲ ಕೇಳಿದವರು ಫೈಲ್ ಕೆಟ್ಟಿದೆ ಎಂದುಕೊಂಡರೆ ತಪ್ಪಿಲ್ಲ. ‘ದ ರಿಪ್’ ಹಾಡು ಸರಳ ಗಿಟಾರ್ ಮೀಟಿನಿಂದ ಆರಂಭ. ನಡುವೆ ಗಿಬ್ಬನ್ಸ್ ಒಂದು ಸ್ವರವನ್ನು ಹಿಡಿದು ಎಳೆಯುತ್ತಾರೆ, ಎಳೆಯುತ್ತಲೇ ಇರುತ್ತಾರೆ. ಆ ಒಂದು ಸ್ವರ ಮುಗಿಯುವುದರೊಳಗೆ ಅದರ ಕೆಳಗಿನ ಗಿಟಾರ್ ಜಾಗದಲ್ಲಿ ಸಿಂಥಸೈಜರ್ ಬಂದು ಕೂತಿರುತ್ತದೆ, ಡ್ರಮ್ ಸೇರಿರುತ್ತದೆ. ಹಾಡು ಒಂದು ಶತಮಾನದಿಂದ ಇನ್ನೊಂದಕ್ಕೆ ದಾಟಿದ್ದು ಸ್ವರ ನಿಂತ ಮೇಲೆ ನಮ್ಮ ಅರಿವಿಗೆ ಬರುತ್ತದೆ. ರೇಡಿಯೋಹೆಡ್ ಎಂಬ ಇನ್ನೊಂದು ಇಂಗ್ಲಿಷ್ ತಂಡದ ಥಾಮ್ ಯಾರ್ಕ್ ಮತ್ತು ಜಾನಿ ಗ್ರೀನ್‌ವುಡ್ ಅದೇ ವರ್ಷ ಈ ಹಾಡನ್ನು ಗಿಟಾರ್ ಹಿಡಿದು ಹಾಡಿದ್ದರು.

ಇನ್ನು ‘ಮೆಷಿನ್ ಗನ್’. ಅದಕ್ಕೂ ಮುಂಚೆ ಉಕುಲೆಲೆ ಎಂಬ ಪುಟ್ಟ ಗಿಟಾರಿನ ಜೊತೆ ಹಾಡಿದ, ಒಂದೂವರೆ ನಿಮಿಷದ ಮುಗ್ಧ ಹಾಡೊಂದಿದೆ. ಅದು ಮುಗಿದ ಮರುಕ್ಷಣ ಕಬ್ಬಿಣಕ್ಕೆ ಕಬ್ಬಿಣ ಬಡಿದಂಥ ಡ್ರಮ್ ಸದ್ದು ಶುರುವಾಗುತ್ತದೆ. ಅದರಲ್ಲಿ ಲಯವಿದೆ, ಕುಣಿಯಲು ಜಾಗವಿಲ್ಲ. ತಂಡ ಇದನ್ನೇ ಆಲ್ಬಮ್‌ನ ಮೊದಲ ಸಿಂಗಲ್ (ಬಿಡಿ ಹಾಡು) ಆಗಿ ಬಿಟ್ಟಿತು. ಹನ್ನೊಂದು ವರ್ಷ ಕಾದ ಅಭಿಮಾನಿಗೆ ‘ಗ್ಲೋರಿ ಬಾಕ್ಸ್’ ಬೇಕಿದ್ದರೆ ಇಲ್ಲಿಂದ ಎದ್ದು ಹೋಗಬಹುದು ಎಂದು ಮುಖಕ್ಕೆ ಹೇಳಿದ ಹಾಗೆ. ಊಟದ ಮೇಜಿನಲ್ಲಿ ಇದನ್ನು ಹಾಕಿ ನೋಡಲಿ! ವ್ಯಾಪಾರದ ದೃಷ್ಟಿಯಿಂದ ಹುಚ್ಚುತನ. ಆದರೂ ಆಲ್ಬಮ್ ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೆ, ಅಮೆರಿಕದಲ್ಲಿ 7ನೇ ಸ್ಥಾನಕ್ಕೆ ಹೋಯಿತು. ಅಮೆರಿಕದ ಪಟ್ಟಿಯಲ್ಲಿ ‘ಡಮ್ಮಿ’ ಅದರ ಹತ್ತಿರಕ್ಕೂ ಬಂದಿರಲಿಲ್ಲ.

ಕರೆದಾಗ ಬರುವವರು

ಆಮೇಲಿನದನ್ನು ಬೇಗ ಹೇಳಬಹುದು. 2009ರ ಡಿಸೆಂಬರಿನಲ್ಲಿ ‘ಚೇಸ್ ದ ಟಿಯರ್’ ಎಂಬ ಒಂದು ಹಾಡು, ಹಣ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ಗೆ. 2015ರಲ್ಲಿ ‘ಹೈ-ರೈಸ್’ ಸಿನಿಮಾಗೆ ಆಬಾ ತಂಡದ ‘ಎಸ್‌ಒಎಸ್’ ಹಾಡನ್ನು ಹಾಡಿಕೊಟ್ಟರು. ಕುಣಿಸುವ ಹಾಡನ್ನು ಶವಯಾತ್ರೆಯ ವೇಗಕ್ಕೆ ಇಳಿಸಿದ್ದರು. ಮರುವರ್ಷ ಜೂನ್ 16ರಂದು ಬ್ರಿಟಿಷ್ ಸಂಸದೆ ಜೋ ಕಾಕ್ಸ್ ಅವರ ಕೊಲೆಯಾಯಿತು. ಯೂರೋಪ್ ಒಕ್ಕೂಟದಿಂದ ಹೊರಬರುವ ಬಗ್ಗೆ ಜನಮತಗಣನೆ ನಡೆಯುವ ಹಿಂದಿನ ದಿನ, ಆಕೆಯ ಹುಟ್ಟುಹಬ್ಬದಂದು, ತಂಡ ಈ ಹಾಡಿನ ವಿಡಿಯೋ ಬಿಡುಗಡೆ ಮಾಡಿತು. ಕೊನೆಯಲ್ಲಿ ಆಕೆಯದೇ ಮಾತು. 2022ರ ಮೇ 2ರಂದು ಉಕ್ರೇನ್ ಯುದ್ಧದ ಮಕ್ಕಳಿಗಾಗಿ ಬ್ರಿಸ್ಟಲ್‌ನಲ್ಲಿ ಐದು ಹಾಡು ಹಾಡಿದರು, ಅದೂ ಏಳು ವರ್ಷಗಳ ನಂತರ. ಹಣಕ್ಕಾಗಿ ಹಳೆಯ ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ನುಡಿಸುವ ವಾರ್ಷಿಕೋತ್ಸವ ಪ್ರವಾಸಗಳು ಈಗ ಎಲ್ಲ ಕಡೆ ನಡೆಯುತ್ತವೆ. 2014ರಲ್ಲಿ ‘ಡಮ್ಮಿ’ಗೆ ಇಪ್ಪತ್ತು, 2024ರಲ್ಲಿ ಮೂವತ್ತು ತುಂಬಿತು. ಇವರು ಅಂಥ ಪ್ರವಾಸ ಹೊರಡಲಿಲ್ಲ.

ಬಿಡಿ ಬಿಡಿಯಾಗಿ ಮಾತ್ರ ಕೆಲಸ ನಿಲ್ಲಲಿಲ್ಲ. ಬ್ಯಾರೋ 2009ರಲ್ಲಿ ಬೀಕ್ ಎಂಬ ಇನ್ನೊಂದು ತಂಡ ಕಟ್ಟಿದರು, ಬೆನ್ ಸ್ಯಾಲಿಸ್‌ಬರಿ ಜೊತೆ ‘ಎಕ್ಸ್ ಮಾಕಿನಾ’, ‘ಅನಿಹಿಲೇಷನ್’ ಸಿನಿಮಾಗಳಿಗೆ ಸಂಗೀತ ಮಾಡಿದರು. ಗಿಬ್ಬನ್ಸ್ 2014ರಲ್ಲಿ ವಾರ್ಸಾದಲ್ಲಿ ಪೆಂಡೆರೆಟ್ಸ್ಕಿ ನಿರ್ದೇಶನದ ವಾದ್ಯವೃಂದದೊಡನೆ ಪೋಲೆಂಡಿನ ಸಂಯೋಜಕ ಗೊರೆಟ್ಸ್ಕಿಯ ಮೂರನೆಯ ಸಿಂಫನಿ ಹಾಡಿದರು, ತಮಗೆ ಬಾರದ ಪೋಲಿಷ್ ಭಾಷೆಯ ಸಾಹಿತ್ಯವನ್ನು ಉಚ್ಚಾರದಿಂದಲೇ ಕಲಿತು. 2022ರಲ್ಲಿ ಅಮೆರಿಕದ ರ‍್ಯಾಪ್ ಗಾಯಕ ಕೆಂಡ್ರಿಕ್ ಲಾಮಾರ್ ಆಲ್ಬಮ್‌ನ ಹಾಡೊಂದರಲ್ಲಿ ಆಕೆಯ ದನಿ ಕೇಳಿಸಿತು. ‘ಲೈವ್ಸ್ ಔಟ್‌ಗ್ರೋನ್’, ಸಂಪೂರ್ಣ ತಮ್ಮದೇ ಹೆಸರಿನ ಮೊದಲ ಆಲ್ಬಮ್, 2024ರ ಮೇನಲ್ಲಿ ಬಂದಾಗ ಅವರಿಗೆ 59 ವರ್ಷ. ಮುಟ್ಟು ನಿಲ್ಲುವ ವಯಸ್ಸು, ತೀರಿಕೊಂಡ ಬಂಧುಗಳು, ಮುಗಿಯುತ್ತಿರುವ ಕಾಲ ಇವೇ ಅದರ ವಸ್ತು. ಅದೂ ಮರ್ಕ್ಯುರಿಯ ಅಂತಿಮ ಪಟ್ಟಿಗೆ ಬಂತು.

ಒಂದು ಪೌಂಡ್‌ಗೆ 20,000

ಈಗ ಹಣದ ಪ್ರಶ್ನೆಗೆ ಮರಳೋಣ. 2015ರ ಏಪ್ರಿಲ್‌ನಲ್ಲಿ ಬ್ಯಾರೋ ಟ್ವಿಟರ್‌ನಲ್ಲಿ ಒಂದು ಲೆಕ್ಕ ಬಹಿರಂಗ ಮಾಡಿದರು. ತಮ್ಮ ಸಂಗೀತ ಅಂತರ್ಜಾಲದಲ್ಲಿ 3 ಕೋಟಿ 40 ಲಕ್ಷ ಬಾರಿ ಸ್ಟ್ರೀಮ್ ಆಗಿದೆ, ತೆರಿಗೆ ಕಳೆದು ತಮ್ಮ ಕೈಗೆ ಬಂದದ್ದು 1,700 ಪೌಂಡ್. ಸ್ಟ್ರೀಮಿಂಗ್ ಕಂಪನಿಗಳಿಗೂ ತಮ್ಮದೇ ರೆಕಾರ್ಡ್ ಕಂಪನಿಗೂ ವ್ಯಂಗ್ಯದ ಧನ್ಯವಾದ ಹೇಳಿದ್ದರು. ಭಾಗಿಸಿ ನೋಡಿದರೆ ಒಂದು ಪೌಂಡ್ ಕೈಗೆ ಬರಲು ಹಾಡು 20,000 ಬಾರಿ ಓಡಬೇಕು. 1991ರ ಯೋಜನೆಯ ವಾರದ 40 ಪೌಂಡ್ ದುಡಿಯಲು ವಾರಕ್ಕೆ 8 ಲಕ್ಷ ಸಲ. ತಂಡದ ಮೂಲ ಕಂಪನಿ ಕೈಯಿಂದ ಕೈಗೆ ದಾಟಿ 1998ರ ವಿಲೀನದೊಂದಿಗೆ ಯೂನಿವರ್ಸಲ್ ಎಂಬ ದೊಡ್ಡ ಸಂಗೀತ ಕಂಪನಿಯ ಪಾಲಾಗಿತ್ತು. ಸಿಡಿ ಕಾಲದ ಒಪ್ಪಂದಗಳ ಹಿಸ್ಸೆಯ ಲೆಕ್ಕ ಸ್ಟ್ರೀಮಿಂಗ್‌ಗೂ ಮುಂದುವರಿದರೆ ಕಲಾವಿದನ ಕೈಗೆ ಬರುವುದು ಹೀಗೆಯೇ ಸವೆದುಹೋಗುತ್ತದೆ.

ಹಾಗಾಗಿ ಈ ಪ್ರಕರಣವನ್ನು ಇಂದಿನ ತಂಡವೊಂದಕ್ಕೆ ಮಾದರಿ ಎಂದು ಕೊಡಲು ನನಗೆ ಧೈರ್ಯವಿಲ್ಲ. ಕೆಲಸ ಕಲಿಯಲು ರಾತ್ರಿ ಖಾಲಿ ಬಿಡುವ ಸ್ಟುಡಿಯೋ, ಬಾಡಿಗೆ ನೀಗುವ ಸರ್ಕಾರಿ ಭತ್ಯೆ, ಕಿರುಚಿತ್ರ ತೋರಿಸಿದರೆ ಆಲ್ಬಮ್‌ಗೆ ದುಡ್ಡು ಹಾಕುವ ಕಂಪನಿ, ತಟ್ಟೆ ಕೊಳ್ಳುವ ಜನ, ಈ ನಾಲ್ಕೂ ಒಟ್ಟಿಗೆ ಇದ್ದದ್ದು ಅವರ ಪುಣ್ಯ. ಅವುಗಳಿಂದ ಬಂದ ಬಿಡುವನ್ನು ಬೇರೆಯವರು ವರ್ಷಕ್ಕೊಂದು ಆಲ್ಬಮ್ ಮಾಡಲು ಬಳಸಿದರು. ಇವರು ಬೇಡ ಎನ್ನಲು ಬಳಸಿದರು.

ನನಗೆ ಬಗೆಹರಿಯದೆ ಉಳಿದದ್ದು ಒಂದಿದೆ. ‘ಥರ್ಡ್’ ಹತ್ತು ವರ್ಷ ಕಾದದ್ದರಿಂದ ಹಾಗೆ ಬಂತೋ, ಅಥವಾ ಆ ಮೂವರು 2001ರಲ್ಲೇ ಕೂತಿದ್ದರೂ ಬರುತ್ತಿತ್ತೋ? ನಿಧಾನದ ಪರ ವಾದಿಸುವವರು ‘ಥರ್ಡ್’ ತೋರಿಸುತ್ತಾರೆ. ಅದೇ ವಾದಕ್ಕೆ ವಿರುದ್ಧ ಸಾಕ್ಷಿ ಎಂದರೆ ‘ಡಮ್ಮಿ’. ಒಬ್ಬ ಟೇಪ್ ಆಪರೇಟರ್, ಒಬ್ಬ ಪಬ್ ಗಾಯಕಿ, ಒಬ್ಬ ಜಾಝ್ ಗಿಟಾರಿಸ್ಟ್ ಸೇರಿ, ಯಾರೂ ಕಾಯುತ್ತಿಲ್ಲದ ಹೊತ್ತಿನಲ್ಲಿ, ಪರಸ್ಪರ ಪರಿಚಯವಾದ ಮೂರೂವರೆ ವರ್ಷದೊಳಗೆ ಅದನ್ನು ಮಾಡಿ ಮುಗಿಸಿದ್ದರು.